ಬೂದಿಯಲ್ಲಿ ಸಿಕ್ಕ ಬಿಳಿ ಗುಂಡು

ಪ್ರೀತಿಯ ಕಾಕಾ,

ಕೆಲಸಕ್ಕೆ ಬಂದ ಮೊದಲ ದಿನ ನೀವು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಅಂಗೈ ಚಾಚಲು ಹೇಳಿದಿರಿ. ಅದರ ಮೇಲೆ ಒಂದು ಚಿಟಿಕೆ ಬಿಳಿ ಪುಡಿ ಹಾಕಿ, "ತಿಕ್ಕಿ ನೋಡು" ಎಂದಿರಿ. ತಿಕ್ಕಿದೆ. ಪುಡಿ ಚರ್ಮದ ಗೆರೆಗಳೊಳಗೆ ಇಳಿದು ಇಲ್ಲವಾಯಿತು. "ಕೈಗೆ ಏನರೆ ಹತ್ತತದೇನು?" ಎಂದು ಕೇಳಿದಿರಿ. ಏನೂ ಹತ್ತುವುದಿಲ್ಲ ಎಂದೆ. "ಹತ್ತಿದ್ರ ಅದು ಉಸುಕು. ಹತ್ತಲಿಲ್ಲಂದ್ರ ಅದು ನಮ್ಮ ಪುಡಿ. ನಾಳಿಂದ ಬಾ." ಇಷ್ಟೇ ನನ್ನ ಇಂಟರ್‌ವ್ಯೂ. ಭೋಸರಿಯ ಆ ತಗಡಿನ ಶೆಡ್ಡಿನಲ್ಲಿ ಮಾಲೀಕರಾದ ಶೇಠರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ನಿಮ್ಮನ್ನು ಕಾಕಾ ಎನ್ನುತ್ತಿದ್ದರು. ಗುಲಬರ್ಗಾದಿಂದ ಎಂಎಸ್ಸಿ ಮುಗಿಸಿ ಒಂಟಿಯಾಗಿ ಪುಣೆಗೆ ಬಂದ ನನಗೆ ಹಾಗೆ ಕರೆಯಲು ಒಂದು ವಾರ ಬೇಕಾಯಿತು.

ಇವತ್ತು ಭಾನುವಾರ. ಮಧ್ಯಾಹ್ನದ ಊಟ ಮುಗಿದಿದೆ. ಎದುರಿಗೆ ಒಂದು ವರದಿ ಇದೆ. ನಾಳೆ ಬೆಳಿಗ್ಗೆ ಅದನ್ನು ಶೇಠರ ಕೈಗೆ ಕೊಡಬೇಕು. ಪುಡಿಯ ವಿಭಾಗ ಉಳಿಯುವುದೋ ಮುಚ್ಚುವುದೋ ಅದನ್ನು ಓದಿದ ಮೇಲೆ ತೀರ್ಮಾನವಾಗುತ್ತದೆ. ಎಲ್ಲ ಬರೆದಾಗಿದೆ, ಕಾರಣ ಹೇಳುವ ಒಂದು ವಾಕ್ಯ ಮಾತ್ರ ಬಾಕಿ. ಅದು ನಿಮಗೆ ಸಂಬಂಧಪಟ್ಟ ವಾಕ್ಯ. ಶೇಠರು ಓದುವ ಮೊದಲು ನೀವು ಓದಬೇಕು ಅನ್ನಿಸಿತು. ಅನ್ನಿಸಿದ್ದೇನೋ ಸರಿ, ಆದರೆ…

ಭೋಸರಿಯಿಂದ ನಿಗಡಿಗೆ ಮರಳುವ ಕಂಪನಿಯ ಬಸ್ಸು ನೆನಪಿದೆಯೇ? ನಾನು ಕಿಟಕಿ ಪಕ್ಕ, ಕೈಯಲ್ಲಿ ಯಾವುದೋ ಅನುವಾದದ ಕಾದಂಬರಿ. ನೀವು ಬಂದು ಕೂತ ತಕ್ಷಣ ಕೇಳುತ್ತಿದ್ದಿರಿ, "ಏನವಾ ವತ್ಸಲಾ, ಇವತ್ತ ಯಾವ ದೇಶದಾಗ ಅದೀ?" ಹೆಚ್ಚು ಮಾತಾಡುವವಳಲ್ಲ ನಾನು. ಆದರೂ ನೀವು ಕಥೆ ಹೇಳಿಸದೆ ಬಿಡುತ್ತಿರಲಿಲ್ಲ. ಹಿಮ ಬೀಳುತ್ತಿರುವ ಊರು, ತಡವಾದ ರೈಲು, ಚಹಾ ಕಾಯಿಸಿ ಕಾಯುತ್ತಿರುವ ಹೆಂಗಸು ಎಂದು ಹೇಳಿದರೆ ನಿಮ್ಮ ಮುಖ ಗಂಭೀರವಾಗುತ್ತಿತ್ತು. "ಬರೇ ಚಹಾನೇ ಕುಡೀತಾರೇನು ಈ ಮಂದಿ? ಊಟಾ ಗೀಟಾ ಇಲ್ಲೇನು?" "ಮುಂದಿನ ಪುಟದಾಗ ಉಣ್ತಾರ ಕಾಕಾ." "ಹಂಗಾದ್ರ ಲಗೂನ ಓದವಾ, ಪಾಪ." ಆ ಬಸ್ಸನ್ನು ಕಂಪನಿ ನಿಲ್ಲಿಸಿ ಬಹಳ ದಿನವಾಯಿತು. ಈಗ ದಾರಿಯಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ಪುಸ್ತಕ ಚೀಲದಲ್ಲೇ ಇರುತ್ತದೆ, ಕಣ್ಣು ಮುಚ್ಚಿಕೊಂಡು ಕೂತಿರುತ್ತೇನೆ. ಆಯಾಸ ಯಾವುದರದ್ದು ಎಂದು ಕೇಳಿದರೆ ಬೆರಳು ಮಾಡಿ ತೋರಿಸಲು ಬರುವುದಿಲ್ಲ.

ತಿಳಿನೀರು ಹಾಲಾಗುವುದನ್ನು ನೀವು ಮೊದಲು ತೋರಿಸಿದ ದಿನದ ಸೆಕೆ ಇನ್ನೂ ಮೈಮೇಲಿದೆ. ದೊಡ್ಡ ಪಾತ್ರೆಯಲ್ಲಿ ಅಲ್ಯೂಮಿನಿಯಮ್ಮಿನ ಲವಣವನ್ನೂ ಯೂರಿಯಾವನ್ನೂ ಕರಗಿಸಿದ ನೀರು, ತಳಕ್ಕೆ ನಿಧಾನದ ಶಾಖ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಇಡೀ ಪಾತ್ರೆ ಬೆಳ್ಳಗಾಗುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಕಣಗಳು ಆ ಗಳಿಗೆಯಲ್ಲಿ ಹುಟ್ಟುತ್ತವೆ. ಎಲ್ಲವೂ ಒಟ್ಟಿಗೇ ಹುಟ್ಟಬೇಕು, ಆಮೇಲೆ ಹೊಸದಾಗಿ ಒಂದೂ ಹುಟ್ಟಬಾರದು, ಆಗ ಮಾತ್ರ ಎಲ್ಲ ಒಂದೇ ಅಳತೆಗೆ ಬೆಳೆಯುತ್ತವೆ ಎಂದು ನೀವು ಹೇಳಿಕೊಟ್ಟಿರಿ. ಅದಕ್ಕಾಗಿ ಹಾಲಾಗುವ ಹೊತ್ತು ಹತ್ತಿರವಾದಾಗ ಕಲಕುವ ಯಂತ್ರ ನಿಲ್ಲಿಸುತ್ತಿದ್ದಿರಿ. ಕೈಗಾಡಿ ಎಳೆಯುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಹತ್ತಿರವಿದ್ದವರೆಲ್ಲ ಇದ್ದಲ್ಲೇ ನಿಲ್ಲಬೇಕು.

"ಹೆರಿಗಿ ಮನಿ ಅದ ಇದು. ಸುಮ್ಮನ ನಿಂದರ್ರಿ."

ಯಾದಗಿರಿ ಕಡೆಯಿಂದ ಹೆಂಡತಿ, ತಮ್ಮಂದಿರನ್ನೆಲ್ಲ ಕರೆದುಕೊಂಡು ಬಂದು ನಮ್ಮ ಶೆಡ್ಡಿನಲ್ಲೇ ನೆಲೆ ನಿಂತ ಮಾರುತಿ ಒಮ್ಮೆ ತಡೆಯಲಾರದೆ ಕೇಳಿದ, "ಕಾಕಾರ, ಹೆರಿಗಿ ಮನ್ಯಾಗ ಚೀರ್ತಾರ್ರಿ. ಸುಮ್ಕ ಯಾರ್ ನಿಂದರ್ತಾರ?"

"ಚೀರಾಕಿ ಹಡ್ಯಾಕಿ. ನೀ ಏನ್ ಹಡೀಲಿಕ್ಕ ಬಂದೀಯೇನು?"

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು, ಸದ್ದಾಗದ ಹಾಗೆ.

ನಿಮ್ಮ ಮೇಜಿನ ಗಾಜಿನ ಕೆಳಗೆ ಒಂದು ಚಿತ್ರವಿತ್ತು, ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿದ್ದು. ಸೂಕ್ಷ್ಮದರ್ಶಕದ ಕೆಳಗೆ ತೆಗೆದ ಕಣಗಳು, ಮುತ್ತು ಪೋಣಿಸಿದ ಹಾಗೆ, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಾಲಾಗಿ ಕೂತಿದ್ದವು. ಅಂಥ ಪುಡಿ ಸಿಕ್ಕರೆ ಅದನ್ನು ಒತ್ತಿ ಸುಟ್ಟು ಮಾಡಿದ ಪಿಂಗಾಣಿ ಒಡೆಯುವುದೇ ಇಲ್ಲ ಎಂದು ನೀವು ನಂಬಿದ್ದಿರಿ. ನಂಬಿದ್ದೆವು, ನಾನೂ. ಬಟ್ಟೆ ಗಿರಣಿಗಳಿಗೆ ದಾರ ಜಾರುವ ಪಿಂಗಾಣಿ ಬಳೆಗಳನ್ನು ಮಾಡಿಕೊಂಡು ಹಾಯಾಗಿದ್ದ ಕಾರಖಾನೆಯನ್ನು ನೀವು ಆ ಚಿತ್ರದ ಹಿಂದೆ ಎಳೆದುಕೊಂಡು ಹೋದಿರಿ. ಸೊಂಟದ ಕೀಲು ಸವೆದವರಿಗೆ ಕೂಡಿಸುವ ಗುಂಡು, ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣದು. ಹೊರದೇಶದಿಂದಲೇ ಬರಬೇಕಾಗಿದ್ದ ಅದನ್ನು ನಮ್ಮ ಪುಡಿಯಿಂದ ಮಾಡಬೇಕು. ಶೇಠರನ್ನು ಹೇಗೆ ಒಪ್ಪಿಸಿದಿರೋ, ನನಗೆ ಇವತ್ತಿಗೂ ಆಶ್ಚರ್ಯ.

ಮೊದಲ ಗುಂಡು ಒತ್ತುಯಂತ್ರದಲ್ಲಿ ಒಡೆದಾಗ ನೀವು ಬೆಚ್ಚಲಿಲ್ಲ. ಮನುಷ್ಯನ ಸೊಂಟ ಹೊರಬೇಕಾದ ಭಾರಕ್ಕಿಂತ ಎಷ್ಟೋ ಪಟ್ಟು ಹಾಕಿ ಪರೀಕ್ಷಿಸುವುದು ನಿಯಮ. ನಮ್ಮದು ಆ ಗೆರೆಯನ್ನು ಮುಟ್ಟುವ ಮೊದಲೇ ಪಟಾಕಿಯ ಹಾಗೆ ಸಿಡಿಯಿತು. ಚೂರು ಆರಿಸಿ, ನಯ ಮಾಡಿ ನೋಡಿದೆವು. ಕಣಗಳ ನಡುವೆ ಅಲ್ಲಲ್ಲಿ ಸಣ್ಣ ಸಂದುಗಳು. "ಇನ್ನೂ ಒಂದೇ ಸಮ ಆಗಿಲ್ಲವಾ ನಮ್ಮ ಪುಡಿ" ಎಂದಿರಿ. ಶಾಖ ಇನ್ನೂ ನಿಧಾನ ಮಾಡಿದೆವು. ಪುಡಿ ಇನ್ನೂ ಸಮವಾಯಿತು. ಗುಂಡು ಒಡೆಯಿತು. ಶೆಡ್ಡಿನ ಆ ಮೂಲೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರಬಾರದೆಂದು ಮಾಡಿದಿರಿ. ಪುಡಿ ಮತ್ತೂ ಸಮವಾಯಿತು. ಗುಂಡು ಮತ್ತೆ ಒಡೆಯಿತು. ವರ್ಷ ವರ್ಷ ಹೀಗೆ. "ಕಾಕಾ, ಔರ್ ಕಿತನಾ?" ಇನ್ನೂ ಎಷ್ಟು ದಿನ ಎಂದು ಶೇಠರು ಕೇಳುವಾಗ ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ನೀವು ಬಿದ್ದದ್ದು ನಿಗಡಿಯ ಮನೆಯ ಬಚ್ಚಲಿನಲ್ಲಿ. ಸೊಂಟದ ಕೀಲು ಮುರಿದಿತ್ತು. ಆಸ್ಪತ್ರೆಗೆ ನೋಡಲು ಬಂದಾಗ ನೀವು ಮಲಗಿಕೊಂಡೇ ಸರ್ಜನ್‌ಗೆ ಪಾಠ ಮಾಡುತ್ತಿದ್ದಿರಿ. ಅವರು ಹಾಕಿದ ಗುಂಡು ಯಾವ ಪಿಂಗಾಣಿಯದು, ಎಷ್ಟು ಶಾಖಕ್ಕೆ ಸುಟ್ಟದ್ದು ಎಂದು ಅವರಿಗೇ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಅವರು ಹೋದ ಮೇಲೆ ಹೊದಿಕೆಯ ಮೇಲಿಂದ ಸೊಂಟ ಮುಟ್ಟಿಕೊಂಡು, "ನೋಡವಾ, ಪರದೇಶದಾಂವ ಬಂದು ಕೂತಾನ" ಎಂದಿರಿ. ಆಪರೇಷನ್ ಮಾಡುವವರಿಗೆ ಬಿಟ್ಟು ಬೇರೆಯವರಿಗೆ ಅದು ಸಿಗುವ ವಸ್ತುವಲ್ಲ. ಅದನ್ನು ಒಡೆದು ನೋಡುವ ಆಸೆ ನಮಗೆ ಎಷ್ಟು ವರ್ಷಗಳಿಂದ ಇತ್ತು! "ನಮಗ ಬೇಕಾಗಿದ್ದು ನನ್ನೊಳಗೇ ಅದ. ನೋಡಲಿಕ್ಕ ಬರಂಗಿಲ್ಲ. ನಾ ಇರೂ ತನಕಾ ಅಂತೂ…" ಎಂದು ನಕ್ಕಿರಿ. ನಿಮ್ಮ ಮನೆಯವರು, ನಮ್ಮೆಲ್ಲರ ಕಾಕು, ಪಕ್ಕದಲ್ಲೇ ಮೋಸಂಬಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಆ ಮಾತಿನ ಉಳಿದರ್ಧವನ್ನು ನೀವು ತಮಾಷೆಗೆ ಬಿಟ್ಟಿರೋ, ಬೇಕೆಂದೇ ಬಿಟ್ಟಿರೋ? ಆಗ ಕೇಳಬೇಕಿತ್ತು. ಅಂಥದ್ದನ್ನು ಯಾರು ಕೇಳುತ್ತಾರೆ?

ಆಮೇಲೆ ನೀವು ಆ ಪರದೇಶದವನ ಮೇಲೆ ಹಲವು ವರ್ಷ ನಡೆದಿರಿ. ಕೋಲು ಊರಿಕೊಂಡು ಪಾತ್ರೆಯ ಪಕ್ಕ ನಿಂತಿರಿ. ಗುಂಡುಗಳು ಒಡೆಯುತ್ತಲೇ ಇದ್ದವು. ಒಂದು ಬೆಳಿಗ್ಗೆ ಪೇಪರು ಓದುತ್ತ ಕುರ್ಚಿಯಲ್ಲೇ ಹೋದಿರಿ, ಯಾರನ್ನೂ ಕೂಗದೆ.

ಮೂರನೆಯ ದಿನ ನಿಮ್ಮ ಮಗ ಸೀನ ಸ್ಮಶಾನದಿಂದ ಫೋನು ಮಾಡಿದ. ವಿಮಾನ ನಗರದಲ್ಲಿ ಇನ್ಶೂರೆನ್ಸ್ ಆಫೀಸಿನ ಕುರ್ಚಿ ಬಿಟ್ಟು ಬೇರೇನೂ ಕಂಡವನಲ್ಲ ಅವನು. "ಅಕ್ಕಾ, ಒಂದ್ ಸಲ ಗೇಟ್ ತನಕಾ ಬಾ." ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ನಿಮ್ಮ ಮನೆಯಲ್ಲಿಲ್ಲ. ಗೇಟಿನ ಹೊರಗೆ ನಿಂತೆ. ಒಳಗಿನಿಂದ ಸೀನ, ಆಚಾರ್ಯರು, ಚಿತೆ ನೋಡಿಕೊಳ್ಳುವ ಮರಾಠಿ ಮುದುಕ ಮೂವರೂ ಬಂದರು. ಬೂದಿಯಲ್ಲಿ ಎಲುಬು ಆರಿಸುವಾಗ ಗುಂಡನ್ನು ತೊಡೆಯೆಲುಬಿಗೆ ಕೂಡಿಸಿದ್ದ, ಸುಟ್ಟು ನೀಲಿಯಾದ ಲೋಹದ ಸರಳೊಂದು ಸಿಕ್ಕಿತಂತೆ. ಅದನ್ನು ಮುದುಕ ಮೂಲೆಗೆಸೆದಿದ್ದ, ಅಂಥವು ಅವನಿಗೆ ಹೊಸತಲ್ಲ. ಆದರೆ ಅದರ ಪಕ್ಕದಲ್ಲಿ ಇದು. ಸೀನ ಕರವಸ್ತ್ರ ಬಿಡಿಸಿದ. ಒಂದು ಕಡೆ ತೂತಿರುವ, ಎಲ್ಲೂ ಬಿರುಕಿಲ್ಲದ ಬಿಳಿ ಗುಂಡು.

"ಹೇ ಕಾಯ್ ಆಹೆ ಹೋ? ಮುಲಾಂಚಿ ಗೋಟಿ?" ಮಕ್ಕಳಾಡುವ ಗೋಲಿಯೇನು ಎಂದು ಮುದುಕ ನನ್ನನ್ನು ಕೇಳಿದ.

ಆಚಾರ್ಯರಿಗೆ ತಡವಾಗುತ್ತಿತ್ತು. "ನೋಡಪಾ, ಅಸ್ಥಿ ಅಂದ್ರ ಎಲುಬು. ಗಡಿಗ್ಯಾಗ ಎಲುಬು ಹಾಕಬೇಕು. ಇದು ಎಲುಬಲ್ಲ."

"ಆಚಾರ್ರ, ಎಲುಬಿನ ಕೆಲಸಾ ಮಾಡ್ಯದಲ್ರಿ ಇದು."

"ಕೆಲಸಾ ಮಾಡಿದ್ರ ಎಲುಬಾಗ್ತದೇನು? ನಾಳೆ ಚಷ್ಮಾ ತಂದು ಇದು ಕಣ್ಣು ಅಂತೀ."

ಸೀನ ಅಳುತ್ತ ನಕ್ಕ. ಆ ವಸ್ತುವನ್ನು ಮನೆಯೊಳಗೆ ಒಯ್ಯುವಂತಿಲ್ಲ, ಗಡಿಗೆಗೆ ಹಾಕುವಂತಿಲ್ಲ, ಮೂಲೆಗೆ ಎಸೆಯಲು ಅವನಿಗೆ ಮನಸ್ಸಿಲ್ಲ. "ಸದ್ಯಕ್ಕ ನಿನ್ನ ಕಡೆ ಇಟಗೋ ಅಕ್ಕಾ" ಎಂದು ನನ್ನ ಕೈಗಿಟ್ಟ. ಕಿರಣ ಹಾಯಿಸಿ ಕ್ರಿಮಿ ಕೊಂದಾಗ ಅಲ್ಯೂಮಿನಾ ಪಿಂಗಾಣಿಯ ಗುಂಡು ತಿಳಿಗಂದು ಬಣ್ಣಕ್ಕೆ ತಿರುಗುತ್ತದೆ, ಬೆಂಕಿ ಕಂಡರೆ ಮತ್ತೆ ಬಿಳಿಯಾಗುತ್ತದೆ ಎಂದು ನೀವೇ ಹೇಳಿದ್ದಿರಿ. ಕಂದು ಬಣ್ಣದಲ್ಲಿ ನಿಮ್ಮೊಳಗೆ ಹೋದದ್ದು ಬಿಳಿಯಾಗಿ ಹೊರಗೆ ಬಂದಿತ್ತು. ಅಳುವುದಕ್ಕಿಂತ ಮೊದಲು ನನಗೆ ಹೊಳೆದದ್ದು ಇದು. ನೀವಾಗಿದ್ದರೂ ಅದೇ ಹೊಳೆಯುತ್ತಿತ್ತು, ಅಲ್ಲವೇ?

ಕಾರಖಾನೆಯಲ್ಲಿ ಮಾದರಿಗಳಿಗೆ ತೇವ ತಾಗದಂತೆ ಇಡುವ ಗಾಜಿನ ಪೆಟ್ಟಿಗೆಯಿದೆಯಲ್ಲ, ಅದರಲ್ಲಿ ಇಟ್ಟೆ. ಆ ವಾರವೇ ಶೇಠರು ಕರೆಸಿದರು. ಕುರ್ಚಿ ತೋರಿಸಿ, ನೀರು ತರಿಸಿ, ಆಮೇಲೆ ಹೇಳಿದರು: ಕಾಕಾ ಇರುವವರೆಗೆ ನಾನು ಸುಮ್ಮನಿದ್ದೆ. ಈ ದಸರೆಯೊಳಗೆ ಒಡೆಯದ ಗುಂಡು ತೋರಿಸು, ಇಲ್ಲವಾದರೆ ಪುಡಿಯ ಕೆಲಸ ಬಂದ್. ನಿನಗೆ ಆಫೀಸಿನಲ್ಲಿ ಜಾಗ ಮಾಡುತ್ತೇನೆ. ಮಾರುತಿಯ ಮಂದಿ ಬೇರೆ ಕಡೆ ನೋಡಿಕೊಳ್ಳಲಿ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೊರಗೆ ಬಂದರೆ ಮಾರುತಿ ಪಾತ್ರೆ ತೊಳೆಯುತ್ತಿದ್ದ. "ಶೇಠ್ರು ಏನಂದ್ರು ಅಕ್ಕಾರ?" ಎಂದು ಕೇಳಿದ. ಏನೂ ಇಲ್ಲ ಎಂದೆ. ನಂಬಲಿಲ್ಲ.

ಹದಿಮೂರು ದಿನ ಕಳೆಯಲಿ ಎಂದು ಕಾದೆ. ಮರುದಿನ ಸಂಜೆ ನಿಮ್ಮ ಮನೆಗೆ ಹೋದಾಗ ಕಾಕು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಕಾಕು, ಒಂದ್ ಮಾತು ಕೇಳಬೇಕಾಗಿತ್ತು."

"ಆ ಗುಂಡಿಂದು ಹೌದಲ್ಲೋ? ಸೀನಾ ಹೇಳ್ಯಾನ. ಕೂಡು, ಮೊದಲ ಚಹಾ ಕುಡಿ."

ಚಹಾ ಕುಡಿದೆ. ಬಟ್ಟಲು ತೊಳೆದಿಟ್ಟು ಬಂದೆ. ಕೊನೆಗೆ ಅವರೇ, "ಹೊಳಿಗಿ ಬಿಡೂದಾ, ನಿನಗ ಬೇಕಾ?" ಎಂದರು.

"ಕೊಯ್ದು ನೋಡಬೇಕಾಗ್ಯದ ಕಾಕು. ನಮ್ಮ ಗುಂಡು ಯಾಕ ಒಡೀತಾವಂತ ಗೊತ್ತಾಗಬಹುದು. ಆಗದನೂ ಇರಬಹುದು."

ಕಾಕು ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. "ಆಸ್ಪತ್ರ್ಯಾಗ ಒಂದ್ ಸಲ ಕೊಯ್ದ್ರು. ಈಗ ನೀ ಒಂದ್ ಸಲ. ಸತ್ತ ಮ್ಯಾಲೂ ಡ್ಯೂಟಿ ತಪ್ಪಲಿಲ್ಲ ನೋಡು ಈ ಮನಷ್ಯಾಗ." ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು, "ಅರ್ಧಾ ನೀ ತಗೋ. ಅರ್ಧಾ ಹೊಳಿಗಿ. ಆಚಾರ್ರು ಏನರೆ ಅನ್ಲಿ. ಮತ್ತ ಕೊಯ್ಯೂ ಮುಂದ ನಾ ಇರ್ತೀನಿ. ಆಸ್ಪತ್ರ್ಯಾಗ ನನ್ನ ಹೊರಗ ಕೂಡಿಸಿದ್ರು."

ಹೀಗೆ ಕಾಕು ಮೊದಲ ಸಲ ನಮ್ಮ ಕಾರಖಾನೆಗೆ ಬಂದರು. ಅಷ್ಟು ವರ್ಷ ನಿಮಗೆ ಡಬ್ಬಿ ಕಟ್ಟಿಕೊಟ್ಟವರು ನೀವು ಅದನ್ನು ಬಿಚ್ಚಿ ಉಣ್ಣುತ್ತಿದ್ದ ಮೇಜನ್ನು ಅಂದೇ ನೋಡಿದ್ದು. ಮೇಜಿನ ಗಾಜಿನ ಕೆಳಗಿನ ಮುತ್ತಿನ ಸಾಲನ್ನು ಬಗ್ಗಿ ನೋಡಿ, "ಇದೇ ಏನು ಅವರ ಸಂಸಾರ?" ಎಂದರು. ಮಾರುತಿ ಸ್ಟೂಲು ಒರೆಸಿ ಕೊಟ್ಟ. ವಜ್ರದ ಪುಡಿ ಮೆತ್ತಿದ ಚಕ್ರದ ಕೆಳಗೆ ಗುಂಡನ್ನು ಬಿಗಿದು, ಗುಂಡಿ ಒತ್ತುವ ಮೊದಲು ಅವನು ಕೈಮುಗಿದ. ಆ ಗುಂಡು ಎಷ್ಟು ಗಟ್ಟಿ ಎಂದರೆ ಮಧ್ಯಾಹ್ನ ಶುರುವಾದದ್ದು ಬಿಸಿಲು ಇಳಿದರೂ ಮುಗಿಯಲಿಲ್ಲ. ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಕು ಹತ್ತಿ ತಂದಿದ್ದರು. ತೊಡೆಯ ಮೇಲೆ ಬತ್ತಿ ಹೊಸೆಯುತ್ತ ಕೂತರು. "ಇಷ್ಟ ಗಟ್ಟಿ ಇತ್ತೇನ ಇವರೊಳಗ? ಮತ್ತ ಮೆಟ್ಟಲಾ ಹತ್ತೂ ಮುಂದ ಯಾಕ ನರಳ್ತಿದ್ರು?" ಎಂದು ಒಮ್ಮೆ ಕೇಳಿದರು. ಮಾರುತಿ ಚಕ್ರದ ಮೇಲೆ ಇನ್ನಷ್ಟು ನೀರು ಬಿಟ್ಟ. ಎರಡು ಹೋಳಾದಾಗ ತಮ್ಮ ಪಾಲನ್ನು ತೊಳೆಸಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಮರುದಿನ ಸೀನ ಅವರನ್ನು ಆಳಂದಿಗೆ ಕರೆದುಕೊಂಡು ಹೋದ. ಅಲ್ಲಿನ ಇಂದ್ರಾಯಣಿ ಹೊಳೆಯಲ್ಲಿ ನೀರು ಮೊಣಕಾಲಿನಷ್ಟಿತ್ತಂತೆ. ಹೋಳು ಬಿದ್ದ ಸದ್ದು ಕೇಳಿಸಿತು ಎಂದು ಕಾಕು ಹೇಳಿದರು.

ನನ್ನ ಪಾಲಿನ ಹೋಳನ್ನು ಕನ್ನಡಿಯಾಗುವವರೆಗೆ ಉಜ್ಜಿ, ಕಣಗಳ ಅಂಚು ತೋರುವಂತೆ ಮತ್ತೆ ಬಿಸಿ ಮಾಡಿ, ಸೂಕ್ಷ್ಮದರ್ಶಕವಿರುವ ಪ್ರಯೋಗಾಲಯಕ್ಕೆ ಒಯ್ದೆ. ನಮ್ಮ ಒಡೆದ ಗುಂಡಿನ ಚೂರನ್ನೂ ಜೊತೆಗೆ ಒಯ್ದಿದ್ದೆ. ತೆರೆಯ ಮೇಲೆ ಮೊದಲು ನಮ್ಮದು ಬಂತು. ಒಂದೇ ಸಮ, ಒಂದೇ ಸಮ. ನೀವು ನೋಡಿದ್ದರೆ ಬೀಗುತ್ತಿದ್ದಿರಿ. ಆಮೇಲೆ ನಿಮ್ಮ ಸೊಂಟದ್ದು ಬಂತು.

ಕಾಕಾ, ಅದರಲ್ಲಿ ಕಣಗಳು ಒಂದೇ ಸಮ ಇರಲಿಲ್ಲ.

ಎಲ್ಲವೂ ಸಣ್ಣವು, ನಮ್ಮದಕ್ಕಿಂತ ಸಣ್ಣವು. ಆದರೆ ಸಣ್ಣದರ ಪಕ್ಕ ಇನ್ನೂ ಸಣ್ಣದು, ಅದರ ಸಂದಿಗೆ ಮತ್ತೊಂದು. ಸಂತೆಗೆ ಹೋಗುವ ಟೆಂಪೊದಲ್ಲಿ ಮಂದಿ ಕೂತ ಹಾಗೆ, ದೊಡ್ಡವರ ನಡುವೆ ಮಕ್ಕಳು ತೂರಿಕೊಂಡು, ಬೆರಳು ಹಾಕಲು ಎಡೆಯಿಲ್ಲ. ಎಷ್ಟು ಹುಡುಕಿದರೂ ಒಂದು ಸಂದು ಕಾಣಲಿಲ್ಲ. ಮತ್ತೆ ನಮ್ಮದನ್ನು ಹಾಕಿಸಿದೆ. ಈ ಸಲ ಕಣಗಳನ್ನು ನೋಡಲಿಲ್ಲ, ಸಂದುಗಳನ್ನು ನೋಡಿದೆ. ಅಲ್ಲಲ್ಲಿ ಚದುರಿದ್ದವು ಎಂದು ನಾವು ಅಂದುಕೊಂಡಿದ್ದೆವಲ್ಲ, ಚದುರಿರಲಿಲ್ಲ. ಗೆರೆಯಾಗಿದ್ದವು. ಒಂದೇ ಅಳತೆಯವು ತಾವಾಗಿಯೇ ಸಾಲು ಕಟ್ಟುತ್ತವೆ. ಡ್ರಿಲ್ಲಿಗೆ ನಿಂತ ತುಕಡಿಗಳ ಹಾಗೆ ಒಂದು ಗುಂಪು ಈ ಕಡೆ ಮುಖ ಮಾಡಿದರೆ ಇನ್ನೊಂದು ಆ ಕಡೆ. ತುಕಡಿ ತುಕಡಿಯ ನಡುವೆ ಓಣಿ. ಸಣ್ಣ ಕಣ ಒಂದೂ ಇಲ್ಲದ ಮೇಲೆ ಆ ಓಣಿಯನ್ನು ತುಂಬುವವರು ಯಾರು? ಭಾರ ಬಿದ್ದಾಗ ಬಿರುಕು ಆ ಓಣಿ ಹಿಡಿದು ನಡೆಯುತ್ತಿತ್ತು. ಪುಡಿ ಹೆಚ್ಚು ಸಮವಾದಷ್ಟೂ ತುಕಡಿಗಳು ದೊಡ್ಡವಾದವು, ಓಣಿಗಳು ಉದ್ದವಾದವು.

ಸುಟ್ಟ ಮೇಲಿನ ಕಣ ಪುಡಿಯ ಕಣವಲ್ಲ, ಗೊತ್ತು. ಒಂದು ಚಿತ್ರದಿಂದ ಏನೂ ಸಾಬೀತಾಗುವುದಿಲ್ಲ, ಅದೂ ಗೊತ್ತು. ಇದನ್ನು ಬೇರೆ ಯಾವುದೋ ದೇಶದಲ್ಲಿ ಯಾರೋ ಎಂದೋ ಬರೆದಿರಲೂಬಹುದು. ನಮ್ಮ ಶೆಡ್ಡಿಗೆ ಬರಲಿಲ್ಲ. ಆ ದಿನ ಪ್ರಯೋಗಾಲಯದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಕಂಡುಹಿಡಿದ ಸಂತೋಷ ಎಂದು ಕಾದಂಬರಿಗಳಲ್ಲಿ ಬರುತ್ತದಲ್ಲ, ಅದು ಬರಲಿಲ್ಲ. ಮಾರುತಿಯನ್ನು ಬರಿಗಾಲಲ್ಲಿ ನಿಲ್ಲಿಸಿದ ಅಷ್ಟು ಮಧ್ಯಾಹ್ನಗಳು ಕಣ್ಣೆದುರು ಬಂದವು. ನಿಮ್ಮ ಮುಖ ಬಂತು. ಮನೆಗೆ ಹೋಗಿ ಮಲಗಿಬಿಡೋಣ ಅನ್ನಿಸಿತು.

ಮುಂದಿನ ಬ್ಯಾಚಿನಲ್ಲಿ ನಾನು ನಿಮ್ಮ ನಿಯಮವನ್ನು ಮುರಿದೆ. ನೀರು ಹಾಲಾದ ಮೇಲೆ ಕಲಕುವ ಯಂತ್ರ ಹಾಕಿಸಿದೆ. ಆಮೇಲೆ ಇನ್ನೊಂದಿಷ್ಟು ದ್ರಾವಣ ಸುರಿದು, ಎರಡನೆಯ ಸಲ ಕಣಗಳು ಹುಟ್ಟಲು ಬಿಟ್ಟೆ. ಮಾರುತಿ ಗಾಬರಿಯಾದ. "ಅಕ್ಕಾರ, ಕಾಕಾರ ಇದ್ರ ನಮ್ಮನ್ನ ಗೇಟಿನ ಹೊರಗ ಹಾಕ್ತಿದ್ರು." "ಹಾಕ್ತಿದ್ರು" ಎಂದೆ. ಮೊದಲ ಕೆಲವು ಬ್ಯಾಚುಗಳು ಕೆಟ್ಟವು, ಕಣಗಳು ಅಂಟಿಕೊಂಡು ಗಂಟಾದವು. ಎಷ್ಟು ಹೊತ್ತಿಗೆ ಸುರಿಯಬೇಕು, ಎಷ್ಟು ಸುರಿಯಬೇಕು ಎಂದು ತಿಳಿಯಲು ಬೇಸಿಗೆ ಪೂರ್ತಿ ಹೋಯಿತು. ಸಣ್ಣವು ಮತ್ತು ಇನ್ನೂ ಸಣ್ಣವು. ಮನಸ್ಸಿಗೆ ಬಂದ ಹಾಗೆ ಅಲ್ಲ, ಅಳತೆ ಮಾಡಿಯೇ ಅಸಮ. ನಿಮ್ಮ ಶಿಸ್ತು ಇಲ್ಲದಿದ್ದರೆ ಅದು ನನಗೆ ಸಾಧ್ಯವಾಗುತ್ತಿರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಒಟ್ಟಿಗೆ ಹುಟ್ಟಿಸಲು ಕಲಿತವರಿಗೆ ಮಾತ್ರ ಬೇರೆ ಬೇರೆಯಾಗಿ ಹುಟ್ಟಿಸಲು ಬರುತ್ತದೆ.

ಮೊನ್ನೆ ಶುಕ್ರವಾರ ಹೊಸ ಪುಡಿಯ ಗುಂಡನ್ನು ಒತ್ತುಯಂತ್ರಕ್ಕೆ ಕೂಡಿಸಿದೆವು. ಯಂತ್ರ ನಡೆಸುವ ಗಾಯಕವಾಡ ನಿಮಗೆ ಗೊತ್ತಲ್ಲ, ನಮ್ಮ ಗುಂಡು ಕಂಡರೆ ಕಿವಿಗೆ ಹತ್ತಿ ಇಟ್ಟುಕೊಳ್ಳುವವನು. ಮುಳ್ಳು ಏರಿತು. ನಮ್ಮವು ಯಾವಾಗಲೂ ಸಿಡಿಯುತ್ತಿದ್ದ ಗುರುತು ದಾಟಿತು. ನಿಯಮದ ಗೆರೆ ಮುಟ್ಟಿತು, ದಾಟಿತು. ಗಾಯಕವಾಡ ಕಿವಿಯಿಂದ ಹತ್ತಿ ತೆಗೆದು, "ಮ್ಯಾಡಮ್, ಥಾಂಬೂ ಕಾ?" ಎಂದ, ನಿಲ್ಲಿಸಲೇ ಎಂದು. ಮಾರುತಿ, ಅವನ ಹೆಂಡತಿ, ತಮ್ಮಂದಿರು ಬಾಗಿಲಲ್ಲಿ ನಿಂತಿದ್ದರು. ನಿಲ್ಲಿಸು ಎಂದು ಎಲ್ಲರ ಮುಖವೂ ಹೇಳುತ್ತಿತ್ತು. ನಾನು ಬೇಡ ಎಂದೆ. ಒಡೆಯುವವರೆಗೂ ಹೋಗಬೇಕು, ಇಲ್ಲದಿದ್ದರೆ ಅದರ ಶಕ್ತಿ ಎಷ್ಟೆಂದು ಏನು ಬರೆಯುವುದು? ಮುಳ್ಳು ಇನ್ನೂ ಏರಿತು. ಕೊನೆಗೆ ಒಡೆಯಿತು, ಶೆಡ್ಡಿನ ತಗಡು ಅದುರುವ ಹಾಗೆ. ಅದರ ಬೆನ್ನಿಗೆ ಇನ್ನೂ ಕೆಲವನ್ನು ಒತ್ತಿದೆವು. ಒಂದೂ ಗೆರೆಯ ಈಚೆ ಒಡೆಯಲಿಲ್ಲ. ಮಾರುತಿಯ ಹೆಂಡತಿ ಎಲ್ಲರಿಗೂ ಬೆಲ್ಲ ಕೊಟ್ಟಳು. ನಾನು ಕೈ ತೊಳೆದುಕೊಂಡು ಬಸ್ಸಿಗೆ ನಡೆದೆ.

ನೇರ ಕಾಕು ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ, ಟೆಂಪೊ, ಓಣಿ ಎಲ್ಲ. ಅವರು ಕೇಳಿ, "ಅಂದ್ರ ಇವರು ತಪ್ಪಿದ್ರೇನು?" ಎಂದರು.

"ಹೌದು ಕಾಕು."

"ಎಷ್ಟ್ ದಿನಾ?"

"ಪೂರಾ. ಮೊದಲಿಂದ ಕಡೀ ತನಕಾ. ನಾನೂ ಕೂಡೇ ಇದ್ದೆ."

"ಅದನ್ನ ಬರೀಬೇಕೇನು ನೀ?"

"ಬರೀದಿದ್ರ ಮುಂದ ಯಾರರೆ ಮತ್ತ ಅದೇ ಹಾದಿ ಹಿಡೀತಾರ."

ಕಾಕು ಎದ್ದು ದೇವರ ಮುಂದಿನ ದೀಪ ಸರಿ ಮಾಡಿ ಬಂದರು. "ಹಂಗಾದ್ರ ಬರಿ. ಏನ್ ಅಳುಕ್ತೀ? ಅವರ ಇದ್ದಿದ್ರ ನಿನ್ನ ಕೈಯಾಗಿಂದು ಪೆನ್ ಕಸಗೊಂಡು ತಾವ ಬರೀತಿದ್ರು. ಮತ್ತ ಆ ರಾತ್ರಿ ಊಟಾ ಬಿಡ್ತಿದ್ರು, ಅದು ಬ್ಯಾರೆ."

ಆದ್ದರಿಂದ ಬರೆದಿದ್ದೇನೆ. ಈ ಕಾಗದದ ನಡುವೆ ಎದ್ದು ಹೋಗಿ ವರದಿಯಲ್ಲಿ ಆ ವಾಕ್ಯವನ್ನು ತುಂಬಿ ಬಂದೆ. "ಹಿಂದಿನ ಗುಂಡುಗಳು ಒಡೆಯಲು ಪುಡಿಯ ಕಣಗಳು ಒಂದೇ ಅಳತೆಯವಾಗಿದ್ದುದೇ ಕಾರಣ." ಓದಿ ನೋಡಿ. ಒಂದು ಪದವೂ ಹೆಚ್ಚಿಲ್ಲ ಅಂದುಕೊಳ್ಳುತ್ತೇನೆ. ಮೃದು ಮಾಡಲು ಏನನ್ನಾದರೂ ಸೇರಿಸೋಣ ಎಂದು ಪ್ರಯತ್ನಿಸಿದೆ. ಸೇರಿಸಿದ ಪ್ರತಿ ಪದವೂ ಸುಳ್ಳಾಗಿ ಕಂಡಿತು, ಹೊಡೆದುಹಾಕಿದೆ. ನೀವು ಇವತ್ತು ಊಟ ಬಿಟ್ಟರೆ ನಾನೇನು ಮಾಡಲಿ?

ನಾಳೆ ಶೇಠರು ಇದನ್ನು ಓದುತ್ತಾರೆ. ಓದಿ ಹೂಂ ಎಂದರೆ ಪುಡಿಯ ವಿಭಾಗ ಉಳಿಯುತ್ತದೆ, ಮಾರುತಿಯ ಮಂದಿ ಉಳಿಯುತ್ತಾರೆ. ಹೂಂ ಎನ್ನುತ್ತಾರೆ ಎಂದೇ ನನ್ನ ಲೆಕ್ಕ. ಆಮೇಲೆ ನಾನು ಒಂದು ವಾರ ರಜೆ ಹಾಕಿ, ಚೀಲದಲ್ಲಿರುವ ಪುಸ್ತಕ ಮುಗಿಸುತ್ತೇನೆ.

ವರದಿಯ ಕೊನೆಯ ಪುಟದಲ್ಲಿ, ಪರೀಕ್ಷಿಸಿದ ಮಾದರಿಗಳು ಯಾರಿಂದ ಬಂದವು ಎಂದು ಬರೆಯಬೇಕು. ನಮ್ಮ ಗುಂಡುಗಳಿಗೆಲ್ಲ ಕಾರಖಾನೆಯ ಹೆಸರು ಬರೆದೆ. ಹೊರದೇಶದ ಆ ಒಂದು ಗುಂಡಿನ ಮುಂದೆ, ಕಾಕಾ, ನಿಮ್ಮ ಪೂರ್ತಿ ಹೆಸರು ಬರೆದಿದ್ದೇನೆ.

ನಿಮ್ಮ
ವತ್ಸಲಾ